ಅನುಮಾನದ ಪುಟ್ಟಸ್ವಾಮಿ ಸಾರ್

ನನ್ನ ಪಿಎಚ್.ಡಿ. ಗೈಡು ಪುಟ್ಟಸ್ವಾಮಿ ಸಾರ್ ಹೋಟೆಲಿನ ಕಾಫಿಯನ್ನೂ ಮೂಸಿ ನೋಡದೆ ಕುಡಿದವರಲ್ಲ. ನಾನು ಹಳೆಯ ಮಡಕೆಚೂರು ತಂದುಕೊಟ್ಟರೆ ನಾಲಿಗೆಗೆ ಮುಟ್ಟಿಸಿ, ಬಿಸಿಲಿಗೆ ಹಿಡಿದು, ಕೊನೆಗೆ ಚೂರನ್ನು ಬಿಟ್ಟು ನನ್ನ ಮುಖ ನೋಡುತ್ತಿದ್ದರು, ಸಂತೆಯಲ್ಲಿ ಮಡಕೆ ಕೊಂಡು ನಾನೇ ಒಡೆದು ತಂದಿದ್ದೇನೋ ಎಂಬಂತೆ. ಪುರಾತತ್ವ ಓದಲು ಬಂದ ನನಗೆ ಪೊಲೀಸ್ ಠಾಣೆಗೆ ಬಂದ ಹಾಗಾಗುತ್ತಿತ್ತು.

ದೇವಲಾಪುರದ ಹತ್ತಿರ ಒಂದು ಹುರುಳಿ ಹೊಲದಲ್ಲಿ ನನಗೆ ಚೀಲದ ತುಂಬ ಕಪ್ಪು-ಕೆಂಪು ಮಡಕೆಚೂರು ಸಿಕ್ಕಿತು. ಅಲ್ಲೊಂದು ಪುರಾತನ ಊರಿತ್ತೆಂದು ಅಧ್ಯಾಯವನ್ನೇ ಬರೆದೆ. ಸಾರ್ ಅದನ್ನು ಓದಿ ನನ್ನ ಜೊತೆ ಬಸ್ಸು ಹತ್ತಿದರು. ಹೊಲದ ಗೌಡರನ್ನು ಕೇಳಿದ್ದು ಒಂದೇ ಪ್ರಶ್ನೆ: "ಈ ಮಣ್ಣು ಎಲ್ಲೀದಪ್ಪಾ?"

"ಕೆರೆ ಗೋಡು ಸಾ. ಐದ್ ವರ್ಸದ್ ಕೆಳ್ಗೆ ಟ್ರಾಕ್ಟರಲ್ಲಿ ಒಡ್ಸಿದ್ದು."

ಬೆಳೆ ಚೆನ್ನಾಗಿ ಬರಲೆಂದು ತಂದ ಕೆರೆಯ ಹೂಳಿನ ಜೊತೆಗೆ ಮಡಕೆಚೂರೂ ಬಂದಿತ್ತು. ನನ್ನ ಎರಡು ವರ್ಷದ ಕೆಲಸ ಮಣ್ಣುಪಾಲಾಯಿತು.

"ಅಳ್ಬ್ಯಾಡ ಕಣವ್ವಾ. ನೀನು ಚೂರ್ನೆಲ್ಲಾ ನೋಡ್ದೆ, ಒಲದೋರ್ನ ಕೇಳ್ನಿಲ್ಲ," ಎಂದರು ಸಾರ್. ನನಗೋ ಮೈಯೆಲ್ಲ ಉರಿಯಿತು. ಶಿಷ್ಯೆ ಮುಂದೆ ಬರುವುದು ಇವರಿಗೆ ಬೇಕಿಲ್ಲ ಎಂದೇ ನನ್ನ ಗುಮಾನಿ.

ಸಾರ್ ನಿವೃತ್ತರಾಗಿ ಪಾಂಡವಪುರದಲ್ಲಿ ಹಾಸಿಗೆ ಹಿಡಿದಾಗ ನನ್ನನ್ನು ಕರೆಸಿದರು. ಅವರಿಗೆ ಹೆಸರು ತಂದುಕೊಟ್ಟಿದ್ದು ಅಕ್ಕಿಹೆಬ್ಬಾಳಿನ ಹತ್ತಿರ ಅವರು ಕಂಡುಹಿಡಿದ ಪ್ರಾಚೀನ ನೆಲೆ. "ಅಲ್ಲೀಗ್ ಒಂದ್ಸಲ ಓಗಿ ಬಾ. ಒಲದೋರ್ನ ಮಾತಾಡ್ಸು," ಎಂದರು. ಇದರಲ್ಲೂ ಏನೋ ಮಸಲತ್ತಿದೆ ಎಂದುಕೊಂಡೇ ಹೋದೆ.

ಆ ಹೊಲದ ಅಜ್ಜಿ ಕಳೆ ಕೀಳುತ್ತಲೇ ಹೇಳಿದರು: "ಈ ಮಣ್ಣಾ? ನಮ್ ಮಾವ ಎತ್ತಿನ್ ಗಾಡೀಲಿ ಕೆರೆಯಿಂದ ಒಡ್ದಿದ್ದು ಕಣವ್ವಾ."

ನಿಜ ಹೇಳಬೇಕೆಂದರೆ, ವಾಪಸ್ಸು ಬರುವಾಗ ನನಗೆ ಖುಷಿಯಾಗಿತ್ತು. ಆದರೆ ದಿಂಬಿಗೊರಗಿ ನನಗಾಗಿ ಕಾಯುತ್ತಿದ್ದ ಸಾರನ್ನು ನೋಡಿದ ಮೇಲೆ ನಿಜ ಹೇಳಲು ಬಾಯೇ ಬರಲಿಲ್ಲ.

"ಏನಂದ್ರು?"

"ಅಲ್ಲೀದೇ ಮಣ್ಣಂತೆ ಸಾರ್."

ಅವರು ಎರಡನೇ ಪ್ರಶ್ನೆ ಕೇಳಲಿಲ್ಲ. "ಸರಿ ಬುಡು," ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಒಂದೇ ಒಂದು ಸಲವಾದರೂ ನನ್ನನ್ನು ನಂಬಿದರಲ್ಲ ಎಂದು ಸಮಾಧಾನಪಟ್ಟುಕೊಂಡು ಮನೆಗೆ ಬಂದೆ.

ಅದೇ ತಿಂಗಳು ಸಾರ್ ತೀರಿಕೊಂಡರು. ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋದಾಗ ಅವರ ಮಗಳು ಒಂದು ಕಾಗದ ಕೊಟ್ಟಳು. ಅಕ್ಕಿಹೆಬ್ಬಾಳಿನ ಮಣ್ಣು ಕೆರೆಯಿಂದ ತಂದದ್ದು, ತಮ್ಮ ಲೇಖನ ತಪ್ಪು ಎಂದು ಸಾರ್ ಸಂಶೋಧನಾ ಪತ್ರಿಕೆಗೆ ಬರೆದಿಟ್ಟಿದ್ದರು. ನಾನು ಅಲ್ಲಿಗೆ ಹೋಗುವುದಕ್ಕೂ ಮುಂಚಿನ ತಾರೀಖು. ಕೆಳಗೆ 'ಸ್ವತಃ ವಿಚಾರಿಸಿ ಖಚಿತಪಡಿಸಿದವರು' ಎಂದು ನನ್ನ ಹೆಸರು ಬರೆದು, ಸಹಿಗೆ ಜಾಗ ಬಿಟ್ಟಿದ್ದರು.