ಮಲ್ಲಿಗೆ ಮುಚ್ಚಿದ ಕಾರು

ಇಂಜಿನ್ ತಣಿಸುವ ಕೂಲಂಟ್ ನೀರು ಕುದಿದರೆ ಸಿಹಿ ವಾಸನೆ ಬರುತ್ತದೆ. ಬೆಲ್ಲದ ಪಾಕ ಒಲೆಯ ಮೇಲೆ ಸ್ವಲ್ಪ ಹೆಚ್ಚು ಹೊತ್ತು ಕೂತರೆ ಬರುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಮೊನ್ನೆ ಉಡುಪಿಯಿಂದ ಮಣಿಪಾಲಕ್ಕೆ ಬರುವಾಗ ಇಂದ್ರಾಳಿಯ ಏರಿನಲ್ಲಿ ವಾಹನಗಳೆಲ್ಲ ಸಾಲುಗಟ್ಟಿ ತೆವಳುತ್ತಿದ್ದವು. ಕಾರು ಓಡಿಸುತ್ತಿದ್ದದ್ದು ನಾನು, ಪಕ್ಕದಲ್ಲಿ ನನ್ನ ಗಂಡ. ಆ ವಾಸನೆ ಮೂಗಿಗೆ ಬಡಿದ ಕೂಡಲೇ ಬಿಸಿಯ ಮೀಟರ್ ನೋಡಿದೆ. ಮುಳ್ಳು ಯಾವತ್ತೂ ಹೋಗದ ಜಾಗಕ್ಕೆ ಹೋಗಿ ಕೂತಿತ್ತು. ಬದಿಗೆ ತೆಗೆಯೋಣವೆಂದರೆ ಜಾಗವಿಲ್ಲ. ಎಸಿ ಬಂದ್ ಮಾಡಿ, ಕಿಟಕಿಗಳನ್ನೆಲ್ಲ ಇಳಿಸಿ, ಹೀಟರನ್ನು ಪೂರ್ತಿ ಏರಿಸಿದೆ. ಏಪ್ರಿಲ್ ತಿಂಗಳ ಸೆಕೆ ಬೇರೆ. ಗಂಡ ನನ್ನ ಮುಖವನ್ನೇ ನೋಡಿ, "ಎಂತ ಮಾರಾಯ್ತಿ, ತಲೆ ಸರಿ ಉಂಟಾ ನಿನಗೆ?" ಎಂದರು.

ತಲೆ ಸರಿಯೇ ಇತ್ತು. ಅದು ಆಚೆಮನೆ ಮಾಮ ಕಲಿಸಿದ ವಿದ್ಯೆ... ಇಂಜಿನ್ನಿನ ಬಿಸಿಯಲ್ಲಿ ಒಂದು ಪಾಲನ್ನು ಕೂತವರು ತಿನ್ನಬೇಕು, ಆಗ ಅದಕ್ಕೆ ಸ್ವಲ್ಪ ಹಗುರ ಆಗುತ್ತದೆ ಎನ್ನುತ್ತಿದ್ದರು. ಮುಳ್ಳು ನಿಧಾನಕ್ಕೆ ಕೆಳಗಿಳಿಯುವಷ್ಟರಲ್ಲಿ ನನ್ನ ಕಣ್ಣು ಮಂಜಾಗಿತ್ತು. ಗಂಡ ಅದನ್ನು ಬೆವರು ಎಂದುಕೊಂಡರು. ನಾನೂ ತಿದ್ದಲಿಕ್ಕೆ ಹೋಗಲಿಲ್ಲ.

ಮಾಮ ಎಂದರೆ ರಕ್ತಸಂಬಂಧವೇನೂ ಅಲ್ಲ. ಶಂಕರಪುರದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದಷ್ಟು ಮಲ್ಲಿಗೆ ಗಿಡಗಳು ಮಾತ್ರ. ಬೆಳಿಗ್ಗೆ ಅಮ್ಮ ಮೊಗ್ಗು ಕೊಯ್ಯಲು ಇಳಿದರೆ ನಾನು ತಟ್ಟೆ ಹಿಡಿದುಕೊಂಡು ಸೀದಾ ಮಾಮಿಯ ಅಡುಗೆಮನೆಗೆ. ಗಂಜಿಯೋ ದೋಸೆಯೋ, ಅಲ್ಲಿಯೇ ನನ್ನ ತಿಂಡಿ. ಮಾಮ ಗಲ್ಫಿನಲ್ಲಿ ವರ್ಷಗಟ್ಟಲೆ ಲಾರಿ ಓಡಿಸಿ ಊರಿಗೆ ಬಂದವರು. ಬಂದವರೇ ಒಂದು ಹಳೆಯ ಬಿಳಿ ಕಾರು ತೆಗೆದುಕೊಂಡು ಮದುವೆಗೆ, ಆಸ್ಪತ್ರೆಗೆ, ಭೂತಕೋಲಕ್ಕೆ ಎಂದು ಬಾಡಿಗೆಗೆ ಓಡಿಸುತ್ತಿದ್ದರು. ಆ ಕಾರಿನ ಮೇಲೆ ಅವರಿಗಿದ್ದ ಮೋಹ ಹೇಳಿ ಮುಗಿಯುವಂಥದ್ದಲ್ಲ. ಒಳಗೆ ಕೂತು ಯಾರೂ ಕಡ್ಲೆ ತಿನ್ನಬಾರದು, ಬಾಗಿಲು ಜೋರಾಗಿ ಹಾಕಬಾರದು. ಹಾಕಿದರೆ, "ಅದಕ್ಕೂ ಜೀವ ಉಂಟು, ಅಲ್ವಾ" ಎನ್ನುವರು. ಡಿಕ್ಕಿಯಲ್ಲಿ ಯಾವಾಗಲೂ ನೀರಿನ ಬಾಟಲಿಗಳು. ಮಾಮನ ಎಡ ಮೊಣಕೈಯಿಂದ ಕೆಳಗೆ ಸುಟ್ಟ ಕಲೆ. ಮರಳುಗಾಡಿನಲ್ಲಿ ಅವಸರದಿಂದ ರೇಡಿಯೇಟರಿನ ಮುಚ್ಚಳ ತೆಗೆದದ್ದರ ಗುರುತು. ಕಾರು ಕಲಿಸಿ ಎಂದು ನಾನು ಹಟ ಹಿಡಿದಾಗ ಸ್ಟೇರಿಂಗ್ ಮುಟ್ಟಿಸುವ ಮೊದಲು ಅವರು ಮಾಡಿದ ಪಾಠ ಆ ಕಲೆಯದ್ದು. ಬಿಸಿಯಾದ ಇಂಜಿನ್ನಿನ ಮುಚ್ಚಳವನ್ನೂ ಸಿಟ್ಟು ಬಂದ ಹೆಂಡತಿಯ ಬಾಯಿಯನ್ನೂ ಕೂಡಲೇ ತೆರೆಸಬಾರದಂತೆ, ತಣಿಯುವವರೆಗೆ ಕಾಯಬೇಕಂತೆ. ಒಳಗಿನಿಂದ ಮಾಮಿ, ಕೇಳಿಸಿತು ಎಂದು ಕೂಗುತ್ತಿದ್ದರು.

ನನ್ನ ಮದುವೆ ಕಾರ್ಕಳದವರೊಂದಿಗೆ ನಿಶ್ಚಯವಾಯಿತು. ಹಾಲ್ ಕೂಡ ಅಲ್ಲಿಯೇ. ದಿಬ್ಬಣದ ಕಾರು ಯಾವುದು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ, ಅದು ಮಾಮನದ್ದೇ. ಆದರೆ ಮದುವೆ ಹತ್ತಿರ ಬರುವಾಗ ಮಾಮಿ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡರು. ಡಾಕ್ಟ್ರು ಕದಲಬಾರದೆಂದರು. ನನ್ನನ್ನು ಎತ್ತಿ ಆಡಿಸಿದ ಮಾಮಿ ನನ್ನ ಧಾರೆ ನೋಡುವ ಹಾಗಿಲ್ಲ. ಅಂದು ನಾನು ಅತ್ತದ್ದಕ್ಕಿಂತ ಅವರು ಅತ್ತದ್ದು ಹೆಚ್ಚು. ಅತ್ತು ಮುಗಿಸಿ ಒಂದು ತೀರ್ಮಾನ ಹೇಳಿದರು: ನಾನು ಬಾರದಿದ್ದರೆ ಏನಾಯಿತು, ನನ್ನ ಕೈಯ ಹೂವು ಬರುತ್ತದೆ. ಕಾರಿನ ಮುಂಭಾಗ ಪೂರ್ತಿ ಮಲ್ಲಿಗೆ. ರಿಬ್ಬನ್ನು, ಪ್ಲಾಸ್ಟಿಕ್ ಹೂವು ಎಲ್ಲ ಪೇಟೆಯವರಿಗೆ. ಶಂಕರಪುರದ ಮದುಮಗಳು ಕಾರಿನಿಂದ ಇಳಿಯುವಾಗ ಕಾರ್ಕಳದವರು ಬಾಯಿಬಿಟ್ಟು ನೋಡಬೇಕು.

ಹಿಂದಿನ ದಿನ ಬೆಳಗಿನಿಂದ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು ಕೂತು ಕಟ್ಟಿದರು. ಅವರ ಗಿಡದ್ದು ಸಾಲದೆ ಅಕ್ಕಪಕ್ಕದವರೆಲ್ಲ ಮೊಗ್ಗು ತಂದು ಸುರಿದರು. ನಮ್ಮ ಕಡೆ ಹೂ ಕಟ್ಟುವುದರಲ್ಲಿ ಎಡೆ ಕಂಡರೆ ಮಾನ ಹೋದ ಹಾಗೆ. ಅದರಲ್ಲಿಯೂ ಮಾಮಿಯ ಕೈ ಎಂದರೆ ಹೂವಿಗೆ ಹೂವು ಒತ್ತಿ ಕೂತು ನಾರು ಕೂಡ ಕಾಣಿಸುವುದಿಲ್ಲ. ಕಟ್ಟಿದ ಮೇಲೆ ಒಂದು ಯೋಚನೆ ಬಂತಂತೆ, ಇಂಜಿನ್ನಿನ ಬಿಸಿಗೆ ಹೂವು ಬಾಡಿದರೆ? ಸರಿ, ಅಗಲದ ಬಾಳೆಎಲೆಗಳನ್ನು ಬಾಡಿಸಿ ಒಂದರ ಮೇಲೊಂದು ಜೋಡಿಸಿ, ಅದಕ್ಕೆ ಮಾಲೆಗಳನ್ನು ಬಾಳೆನಾರಿನಲ್ಲಿ ಹೊಲಿದರು. ದಪ್ಪದ ಹೂವಿನ ಚಾಪೆ ಆಯಿತು. ಮದುವೆಯ ಬೆಳಿಗ್ಗೆ ಮಾಮನೇ ಅದನ್ನು ಮುಂದಿನ ಜಾಲರಿಗೆ ಅಡ್ಡವಾಗಿ ಎಳೆದು ಬಿಗಿಯಾಗಿ ಕಟ್ಟಿದರು. ಇಂಜಿನ್ ಅಂದರೆ ಏನು ಎಂದು ಊರಿಗೆಲ್ಲ ಪಾಠ ಹೇಳುವ ಮನುಷ್ಯ! ಹೂವಿನ ಚಂದಕ್ಕೆ ಮರುಳಾದವರಿಗೆ ಗಾಳಿಯ ಯೋಚನೆ ಎಲ್ಲಿಂದ ಬರಬೇಕು... ಮಾಮಿ ಜಗಲಿಯಿಂದಲೇ ಎಡಕ್ಕೆ ಸ್ವಲ್ಪ ಎಳೆಯಿರಿ, ಬಲಕ್ಕೆ ಎಳೆಯಿರಿ ಎಂದು ಹೇಳುತ್ತಿದ್ದರು.

ಮನೆಯವರೆಲ್ಲ ಬಸ್ಸಿನಲ್ಲಿ ಮುಂದೆ ಹೋದರು. ಕಾರಿನಲ್ಲಿ ನಾನು, ನನ್ನ ದೊಡ್ಡಮ್ಮ, ಮಾಮ. ಶಿರ್ವ ದಾಟುವವರೆಗೆ ಎಲ್ಲ ಸರಿಯಿತ್ತು. ಅಲ್ಲಿಂದ ಮುಂದೆ ಮಾಮ ಮೀಟರನ್ನು ನೋಡುವುದು, ರಸ್ತೆಯನ್ನು ನೋಡುವುದು, ಮತ್ತೆ ಮೀಟರನ್ನು ನೋಡುವುದು ಸುರುವಾಯಿತು. ಎಸಿ ನಿಂತಿತು. ಸ್ವಲ್ಪ ಹೊತ್ತಿನಲ್ಲಿ ಕಾಲಿನ ಬುಡದಿಂದ ಬೆಂಕಿಯಂಥ ಗಾಳಿ ಬರತೊಡಗಿತು. ಹೀಟರ್! ರೇಷ್ಮೆ ಸೀರೆ, ತಲೆ ತುಂಬ ಹೂವು, ಮುಖಕ್ಕೆ ಬಳಿದ ಪೌಡರು, ನೋಡಿಕೊಳ್ಳಿ ನನ್ನ ಅವಸ್ಥೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ದೊಡ್ಡಮ್ಮ ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತ ಗೊಣಗಿದರು. ಮಾಮ ಬೆಳ್ಮಣ್ಣು ದಾಟಿ ಸ್ವಲ್ಪ ಮುಂದೆ, ಒಂದು ಮರದ ನೆರಳಿನಲ್ಲಿ ಕಾರು ನಿಲ್ಲಿಸಿದರು.

ಮುಹೂರ್ತ ಮೀರಿದರೆ ಎಂಬ ಯೋಚನೆಗೆ ನನ್ನ ಕೈಕಾಲು ತಣ್ಣಗಾಯಿತು, ಅಷ್ಟು ಸೆಕೆಯಲ್ಲಿ ಕೂಡ. ಮಾಮ ಬಾನೆಟ್ ಎತ್ತಿ ಸುಮ್ಮನೆ ನಿಂತರು. ಕಾಯುವ ಪಾಠ ಹೇಳಿಕೊಟ್ಟವರು, ಕಾಯಲೇಬೇಕಲ್ಲ. ಅತ್ತ ಅಪ್ಪ ಫೋನಿನ ಮೇಲೆ ಫೋನು, ಎಲ್ಲಿಗೆ ಮುಟ್ಟಿದಿರಿ ಎಂದು. ಇಂಜಿನ್ ಸ್ವಲ್ಪ ತಣಿದ ಮೇಲೆ ಮಾಮ ದಪ್ಪ ಬಟ್ಟೆ ಹಾಕಿ ಮುಚ್ಚಳವನ್ನು ಒಂಚೂರು ತಿರುಗಿಸಿ, ಹಬೆ ಹೋಗಲು ಬಿಟ್ಟು, ಆಮೇಲೆ ತೆಗೆದರು. ನೀರು ಇಳಿದದ್ದು ಸ್ವಲ್ಪವೇ. ಪೈಪುಗಳನ್ನು ತಡವಿದರು, ಒದ್ದೆ ಇಲ್ಲ. ಬಗ್ಗಿ ಅಡಿಗೆ ನೋಡಿದರು, ಒಂದು ಹನಿ ಬಿದ್ದಿಲ್ಲ. ಬೆಲ್ಟ್ ಸರಿ ಉಂಟು. ನೀರು ತುಂಬಿಸಿ ಇಂಜಿನ್ ಶುರು ಮಾಡಿದರು, ಫ್ಯಾನ್ ಕೂಡ ತಿರುಗುತ್ತಿತ್ತು. ಎಲ್ಲ ಸರಿ ಇದ್ದು ಕಾರು ಯಾಕೆ ಕುದಿಯುತ್ತದೆ ಎಂದು ಅವರು ಮುಂದೆ ಬಂದು ನಿಂತರು. ನಿಂತವರು ಹಾಗೆಯೇ ನಿಂತುಬಿಟ್ಟರು, ಎತ್ತಿದ ಬಾನೆಟ್ಟಿನ ಮರೆಯಲ್ಲಿ.

ನಾನು ಇಳಿದು ಹೋದೆ. ಮದುಮಗಳು ದಾರಿಯಲ್ಲಿ ಇಳಿಯಬಾರದು ಎಂದು ದೊಡ್ಡಮ್ಮ ಹೇಳುತ್ತಿದ್ದಂತೆಯೇ ಹೋದೆ. ಫ್ಯಾನಿನ ಎಳೆತಕ್ಕೆ ಮಾಮಿಯ ಹೂವಿನ ಚಾಪೆ ಜಾಲರಿಗೆ ಅಂಟಿಕೊಂಡು ಒಳಗೆ ಬಾಗಿತ್ತು. ಎಲೆಯ ಹಿಂದಿನ ರೇಡಿಯೇಟರಿಗೆ ಗಾಳಿ ಹೋಗಲಿಕ್ಕೆ ದಾರಿಯೇ ಇರಲಿಲ್ಲ. ಹೂವು ಮಾತ್ರ ಒಂದು ಎಸಳೂ ಬಾಡದೆ ಕೂತಿತ್ತು.

ದೊಡ್ಡಮ್ಮನಿಗೂ ಅರ್ಥವಾಯಿತು. ಬೇಡ, ದಿಬ್ಬಣದ ಹೂವು ದಾರಿಯಲ್ಲಿ ಕಿತ್ತರೆ ಅಪಶಕುನ, ಬೇರೆ ಕಾರು ತರಿಸಿ, ಇಲ್ಲದಿದ್ದರೆ ಬಸ್ಸಿಗೆ ಕೈ ತೋರಿಸುವ ಎಂದರು. ಮದುವೆ ಸೀರೆಯಲ್ಲಿ ಸರ್ವಿಸ್ ಬಸ್ಸಿನ ಕಂಬಿ ಹಿಡಿದು ನಿಂತ ನನ್ನನ್ನು ನಾನೇ ನೆನೆಸಿಕೊಂಡೆ. ಮಾಮನ ಸಂಕಟ ಶಕುನದ್ದಲ್ಲ ಎಂದು ನನಗೆ ಗೊತ್ತಿತ್ತು. ಅವರು ಕೈಯನ್ನು ಹೂವಿನ ಹತ್ತಿರ ಒಯ್ಯುವುದು, ಹಿಂದೆ ತೆಗೆಯುವುದು.

"ನನ್ನ ಕೈಯಲ್ಲಿ ಆಗುವುದಿಲ್ಲ ಮಗಾ," ಎಂದರು. "ಹಾಲ್ ಮುಟ್ಟುವವರೆಗೆ ಇದನ್ನು ತೆಗೆಯುವುದಿಲ್ಲ ಎಂದು ಅವಳಿಗೆ ಹೇಳಿ ಬಂದಿದ್ದೇನೆ."

"ಕೀಳುವುದು ಬೇಡ ಮಾಮ. ಗಂಟು ಬಿಚ್ಚಿ. ಹೂವು ನನ್ನ ಮಡಿಲಿನಲ್ಲಿ ಬರಲಿ."

ಮತ್ತೆ ಒಂದೊಂದೇ ಗಂಟನ್ನು ಇಬ್ಬರೂ ಸೇರಿ ಬಿಚ್ಚಿದೆವು. ನನ್ನ ಮದರಂಗಿ ಕೈಗೆ ಗ್ರೀಸು ತಾಗಿತು. ಹಿಂದಿನ ಸೀಟಿನಲ್ಲಿ ನನ್ನ ಮಡಿಲಿನಿಂದ ದೊಡ್ಡಮ್ಮನ ಮಡಿಲಿನವರೆಗೆ ಆ ಚಾಪೆಯನ್ನು ಹಾಸಿ, ಮಾಮ ಹೀಟರ್ ಬಂದ್ ಮಾಡಿ ಕಾರು ಬಿಟ್ಟರು. ಬೋಳು ಮೂತಿಯ ಕಾರು ನಿಟ್ಟೆ ದಾಟುವಾಗ ಮುಳ್ಳು ಸರಿಯಾದ ಜಾಗಕ್ಕೆ ಬಂದಿತ್ತು. ಕಾರ್ಕಳ ಮುಟ್ಟುವಾಗ ಪುರೋಹಿತರು ಗಡಿಯಾರ ನೋಡುತ್ತಿದ್ದರಂತೆ, ಅಷ್ಟೇ. ಹೂವನ್ನು ಯಾರೋ ತೆಗೆದುಕೊಂಡು ಹೋಗಿ ಮಂಟಪದ ಕಂಬಕ್ಕೆ ಸುತ್ತಿದರು. ನಿಮ್ಮ ಊರಿನಲ್ಲಿ ಮದುಮಗಳು ಹೂವಿನ ಕಂಬಳಿ ಹೊದ್ದುಕೊಂಡು ಬರುವ ಕ್ರಮ ಉಂಟಾ ಎಂದು ಗಂಡ ಆಮೇಲೆ ಕೇಳಿದರು. ಉಂಟು ಎಂದೆ. ಪಾಪ, ಇವತ್ತಿಗೂ ನಂಬಿದ್ದಾರೆ.

ವಾರದೊಳಗೆ ತವರಿಗೆ ಬಂದವಳು ಮೊದಲು ಓಡಿದ್ದು ಮಾಮಿಯ ಹತ್ತಿರ. ಅವರ ಮುಖ ಅರಳಿಕೊಂಡಿತ್ತು. ಕಾರು ಹಾಲ್‌ನ ಎದುರು ನಿಂತಾಗ ಗಂಡಿನ ಕಡೆಯವರೆಲ್ಲ ಸುತ್ತುಗಟ್ಟಿದರಂತೆ, ಈ ಹೂವು ಕಟ್ಟಿದ್ದು ಯಾರು ಎಂದು ಕೇಳಿದರಂತೆ, ಹೌದಾ? ನಾನು ಮಾಮನ ಕಡೆ ನೋಡಿದೆ. ಅವರು ಜಗಲಿಯ ಕೆಳಗೆ ಕಾರಿನ ಶುಭ್ರವಾಗಿದ್ದ ಗಾಜನ್ನು ಭಾರೀ ಶ್ರದ್ಧೆಯಿಂದ ಒರೆಸುತ್ತಿದ್ದರು. ಹೌದು ಮಾಮಿ ಎಂದೆ. ನಮ್ಮವರೆಲ್ಲ ಮಾಮಿಗಾಗಿ ಬಾಯಿ ಮುಚ್ಚಿಕೊಂಡಿದ್ದರು, ದೊಡ್ಡಮ್ಮನ ಬಾಯಿಗೆ ಬೀಗ ಹಾಕಿಸಲು ಮಾತ್ರ ಮಾಮ ಅವರನ್ನು ಕೊಲ್ಲೂರಿಗೆ ಕರೆದುಕೊಂಡು ಹೋಗಿ ಬರಬೇಕಾಯಿತು ಎಂದು ಆಮೇಲೆ ತಿಳಿಯಿತು. ದೊಡ್ಡಮ್ಮ ಮಾತಿಗೆ ತಪ್ಪಲಿಲ್ಲ, ಬಾಯಿ ಬಿಡದೆಯೇ ತೀರಿಕೊಂಡರು.

ಆ ಮೇಲೆ ವರ್ಷಗಟ್ಟಲೆ ಈ ಕಥೆ ಬೆಳೆಯಿತು. ನಾನು ಹೋದಾಗಲೆಲ್ಲ ಚಹಾದ ಜೊತೆ ಮಾಮಿ ಅದನ್ನು ಕೇಳುವುದು, ಮಾಮ ಉಪ್ಪುಖಾರ ಹಚ್ಚಿ ಹೇಳುವುದು. ಫೋಟೋದವನು ಮದುಮಗಳನ್ನು ಬಿಟ್ಟು ಕಾರಿನದ್ದೇ ಫೋಟೋ ತೆಗೆದ ಎಂದು ಒಮ್ಮೆ, ಹೂವಿನ ಪರಿಮಳ ಅಡುಗೆಯವರಿಗೂ ತಲುಪಿ ಅವರು ಸೌಟು ಹಿಡಿದೇ ಹೊರಗೆ ಬಂದರು ಎಂದು ಇನ್ನೊಮ್ಮೆ. ಫೋಟೋ ಎಲ್ಲಿ ಎಂದು ಮಾಮಿ ಕೇಳಿದರೆ ಅದೊಂದು ಹಾಳಾಯಿತು ಎನ್ನುವುದು ನನ್ನ ಪಾಲಿನ ಕೆಲಸ. ಅಷ್ಟು ಚಂದದ ಸುಳ್ಳುಗಾರನನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಅವರ ಮೇಲೆ ನನಗೆ ಎಷ್ಟು ಪ್ರೀತಿ ಇತ್ತು ಎಂದು ಅವರಿರುವಾಗ ಒಂದು ಸಲವೂ ಹೇಳಲಿಲ್ಲ. ನಮ್ಮಲ್ಲಿ ಹಾಗೆಲ್ಲ ಹೇಳುವ ಅಭ್ಯಾಸ ಇಲ್ಲ...

ಮಾಮ ಹೋಗಿ ಈಗ ವರ್ಷ ದಾಟಿತು. ಮಾಮಿ ಕಾಪುವಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಅಳಿಯನಿಗೆ ಮೀನಿನ ವ್ಯಾಪಾರ, ಮನೆ ತುಂಬ ಜನ, ಬೇಸರಕ್ಕೆ ಪುರುಸೊತ್ತಿಲ್ಲ. ಇಂದ್ರಾಳಿಯಲ್ಲಿ ಕಾರು ಬಿಸಿಯಾದ ಮೇಲೆ ಮನಸ್ಸು ಕೇಳದೆ ಭಾನುವಾರ ಅಲ್ಲಿಗೆ ಹೋದೆ. ಹೀಟರ್ ಹಾಕಿದ ಕಥೆ ಹೇಳಿದರೆ ಮಾಮಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ, ನಿನ್ನ ಮದುವೆಯ ಕಾರಿನದ್ದು ಹೇಳು, ಈಗ ಹೇಳುವವರು ಯಾರೂ ಇಲ್ಲ ಎಂದರು.

ನಾನು ಹೇಳಿದೆ. ಜನ ಸುತ್ತುಗಟ್ಟಿದ್ದು, ಫೋಟೋದವನು, ಅಡುಗೆಯವರು, ಎಲ್ಲವನ್ನೂ ಮಾಮನ ಹಾಗೆಯೇ ಕೈ ಆಡಿಸಿ ಹೇಳಲು ನೋಡಿದೆ. ಮಾಮಿ ಕಣ್ಣು ಮುಚ್ಚಿಕೊಂಡು ಕೇಳಿದರು. ಮುಗಿದ ಮೇಲೆ ತಲೆ ಅಲ್ಲಾಡಿಸಿದರು.

"ಒಂದು ಬಿಟ್ಟೆ ನೀನು," ಎಂದರು. "ಕಾರಿನ ಎದುರು ನಿಂತು, ನನ್ನ ಹೂವು ನೋಡಿ, ನಿನ್ನ ಮಾಮ ಅತ್ತರಂತೆ. ನಾನು ಬರಲಿಲ್ಲವಲ್ಲ ಎಂದು. ಅದನ್ನು ನನಗೊಬ್ಬಳಿಗೇ ಹೇಳಿದ್ದು. ಅದು ನಿನಗೆ ಗೊತ್ತಿರಲಿಕ್ಕಿಲ್ಲ."

ಬೆಳ್ಮಣ್ಣಿನ ಆಚೆ, ಆ ಮರದ ನೆರಳಿನಲ್ಲಿ, ನಾನು ಹತ್ತಿರ ಹೋದಾಗ ಅವರು ಇಂಜಿನ್ ಒರೆಸುವ ಬಟ್ಟೆಯಲ್ಲಿಯೇ ಕಣ್ಣು ಒರೆಸಿಕೊಂಡಿದ್ದರು. ಕೆನ್ನೆಗೆ ಕಪ್ಪು ಹತ್ತಿತ್ತು.

"ಗೊತ್ತುಂಟು ಮಾಮಿ," ಎಂದೆ. "ಅದು ನಾನು ಕಣ್ಣಾರೆ ನೋಡಿದ್ದೇನೆ."