ಹಾಲುಕ್ಕಿದ ಗಾಜಿನೊಲೆ

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೊಂದು ಕರೆಂಟಿನಲ್ಲಿ ಕಾಯುವ ಸೆರಾಮಿಕ್ ಗಾಜಿನ ಒಲೆಯಿದೆ. ಕನ್ನಡಿಯಷ್ಟು ನುಣುಪು, ಕಾಡಿಗೆಯಷ್ಟು ಕಪ್ಪು. ಅದರ ನಡುವೆ ಅಂಗೈಯಗಲದ ಕಂದು ಕಲೆಯೊಂದು ಕೂತಿದ್ದಾಗಿನ ಸಂಗತಿಯನ್ನು ನಿಮಗೆ ಹೇಳಲೇಬೇಕು, ಏಕೆಂದರೆ ಆಗಿನ ದಿಗ್ಭ್ರಮೆ ನನ್ನನ್ನಿನ್ನೂ ಬಿಟ್ಟಿಲ್ಲ.

ನಮ್ಮೂರು ಅಜ್ಜಂಪುರದಲ್ಲಿ ಸಿಗದ ಒಲೆಯದು. ಹುಡುಕಿ ತರಿಸಿದ್ದು ಅತ್ತೆಗಾಗಿ. ಗ್ಯಾಸಿನ ಉರಿ ಸೆರಗಿಗೆ ಹತ್ತಿಕೊಂಡ ದಿನದಿಂದ ಅವರು ಅಡುಗೆಮನೆಯ ಹೊಸ್ತಿಲು ದಾಟಿರಲಿಲ್ಲ. ಮೈಗೇನೂ ಆಗಿರಲಿಲ್ಲ, ಮನಸ್ಸು ಬೆಂದಿತ್ತು. ಬಂದವರಿಗೆಲ್ಲ ಬೇಯಿಸಿ ಬಡಿಸಿದ ಆ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿರುವುದನ್ನು ನೋಡಲಾರದೆ, ಜ್ವಾಲೆಯೇ ಏಳದ ಒಲೆ ಬಂದರೆ ಮತ್ತೆ ಒಳಗೆ ಬಂದಾರೆಂದು ಆಸೆಪಟ್ಟೆ.

ಎಲ್ಲಿ ಬಂದರು? ಹೊಸ್ತಿಲಾಚೆಯೇ ನಿಂತು, "ಮೊದ್ಲು ಹಾಲುಕ್ಸೇ, ಹೊಸಾ ಒಲೆ ಕಣೇ," ಎಂದರು. ಉಕ್ಕಿಸಿದೆ. ನಮ್ಮ ಹಳೆಯ ಒಲೆಗಳಿಗೆ ಹಾಲು ಕುಡಿದು ಅಭ್ಯಾಸ, ಇದಕ್ಕೆಲ್ಲಿ? ಕಾದ ಗಾಜಿನ ಮೇಲೆ ಹಾಲು ಚುರ್ರೆಂದು ಕರಕಲಾಗಿ ಕಚ್ಚಿಕೊಂಡಿತು. ಶುಭಶಕುನವೊಂದು ಇಷ್ಟು ಗಟ್ಟಿಯಾಗಿ ಅಂಟಿಕೊಳ್ಳುವುದುಂಟೇ!

ಒಲೆ ತಣಿದ ಮೇಲೆ ಅಡುಗೆಸೋಡಾ ಕಲಸಿ ಹಚ್ಚಿದೆ, ಒದ್ದೆಬಟ್ಟೆ ಹೊದಿಸಿ ನೆನೆಸಿದೆ, ಮೆತ್ತಗೆ ಒರೆಸಿದೆ. ಒರಟಾಗಿ ಉಜ್ಜಿದರೆ ಗೀರು ಬೀಳುತ್ತದೆಂದು ಅಂಗಡಿಯವರು ಮೊದಲೇ ಎಚ್ಚರಿಸಿದ್ದರು. ದಿನವೂ ಇದೇ ಉಪಚಾರ, ಹಸುಗೂಸಿಗೆ ಎರೆದಂತೆ. ಕಲೆ ಮಾತ್ರ ಜಗ್ಗಲಿಲ್ಲ. ಅತ್ತೆ ಹೊಸ್ತಿಲಲ್ಲಿ ನಿಂತು ನೋಡುವರು, ಲೊಚಗುಟ್ಟುವರು, ಹೊರಟುಹೋಗುವರು.

ಒಂದು ಬೆಳಿಗ್ಗೆ ಹೂ ಕೊಯ್ದುಕೊಂಡು ಒಳಬಂದು ನೋಡುತ್ತೇನೆ, ಬಚ್ಚಲೊಲೆಯ ಬೂದಿ, ಒಂದು ಹಿಡಿ ತೆಂಗಿನ ನಾರು! ಸೆರಗನ್ನು ಸೊಂಟಕ್ಕೆ ಬಿಗಿದ ಅತ್ತೆ, ಹಿತ್ತಾಳೆ ಕೊಳಗ ಬೆಳಗುವ ಹುರುಪಿನಲ್ಲಿ, ಆ ಗಾಜನ್ನು ಗಸಗಸ ತಿಕ್ಕುತ್ತಿದ್ದರು. ಶಿವ ಶಿವಾ! ತಡೆಯಲೆಂದು ಮುಂದಿಟ್ಟ ಹೆಜ್ಜೆಯನ್ನು ಹಿಂದೆಗೆದೆ. ಏಕೆ ಗೊತ್ತೇ? ನನ್ನ ಕಣ್ಣು ಅವರ ಪಾದಗಳ ಮೇಲೆ ಬಿದ್ದಿತ್ತು. ಅವು ಹೊಸ್ತಿಲ ಒಳಗಿದ್ದವು.

"ಏನೇ ಹಂಗ್ ನಿಂತ್ಬಿಟ್ಟೆ? ಹಾಲುಕ್ಸು ಅಂದೋಳು ನಾನು. ನೀನು ದಿನಾ ಒದ್ದಾಡೋದ್ ನೋಡಕ್ಕಾಗ್ಲಿಲ್ಲ ಕಣೇ. ಕಲೆ ಹೋಯ್ತು ನೋಡು."

ಹೋಗಿತ್ತು. ಅದರ ಜಾಗದಲ್ಲಿ ಸಾಲುಸಾಲು ಗೀರು, ಇನ್ನು ಯಾವ ಸೋಡಾಕ್ಕೂ ಮಾಯದ ಗೀರು. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾದೀತು. ಶುಚಿಯೆಂದರೆ ಏನೂ ನಡೆದೇ ಇಲ್ಲವೆಂಬಂತೆ ಒರೆಸಿಡುವುದೆಂದು ನಾನು ತಿಳಿದಿದ್ದೆ. ಆದರೆ ಸ್ನೇಹಿತರೇ, ಉಜ್ಜಿದ ಕೈಯ ಗುರುತೇ ಇಲ್ಲದ ಒಲೆ ಅಂಗಡಿಯದಾದೀತು, ಮನೆಯದು ಹೇಗಾದೀತು?

ಅತ್ತೆ ಬೂದಿಯನ್ನೆಲ್ಲ ಒರೆಸಿ, ಒಲೆಯ ಅಂಚಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದು ಕೈಮುಗಿದರು. ಬೆರಳನ್ನು ಗುಂಡಿಯತ್ತ ಚಾಚಿ, ಅರ್ಧಕ್ಕೇ ನಿಲ್ಲಿಸಿ, ನನ್ನ ಮುಖ ನೋಡಿದರು.

"ಉರಿ ಬರಲ್ಲ ತಾನೇ? ಎಲ್ಲಿ ಒತ್ಬೇಕು ತೋರ್ಸು, ಹಾಲಿಡ್ತೀನಿ. ಈ ಸಲ ಉಕ್ಕಕ್ ಬಿಡಲ್ಲ."