ಹಸಿರು ಚುಕ್ಕೆಯ ಹೆಲ್ಮೆಟ್

ಅಮೆರಿಕನ್ ಫುಟ್‌ಬಾಲಿನಲ್ಲಿ ಹೆಲ್ಮೆಟ್ಟಿನ ಹಿಂಬದಿಗೆ ಅಂಟಿಸುವ ಆ ಹಸಿರು ಚುಕ್ಕೆ ನನ್ನ ಮಗಳ ಅಂಗೈಗಿಂತ ಚಿಕ್ಕದು. ಅದು ಯಾರ ಹೆಲ್ಮೆಟ್ಟಿನಲ್ಲಿದೆಯೋ ಅವನ ಕಿವಿಗೆ ಮಾತ್ರ, ಒಳಗಿನ ರೇಡಿಯೋದಲ್ಲಿ, ಕೋಚ್ ಮಾತು ಬೀಳುತ್ತದೆ. ಎದುರಾಳಿಯನ್ನು ತಡೆಯಲು ನಿಲ್ಲುವ ಉಳಿದ ಹತ್ತು ಮಂದಿಗೆ ಕೂಗಿ ಹೇಳುವವನು ಅವನೇ. ನಾಲ್ಕು ವರ್ಷದಿಂದ ಅದು ನನ್ನ ಗಂಡ ಆರ್ಲಿಸ್‌ನದು.

ಸುಮ್ಮನೆ ಬಂದದ್ದಲ್ಲ. ಮಿಸಿಸಿಪ್ಪಿಯ ಸಣ್ಣ ಕಾಲೇಜಿನ ಅವನನ್ನು, ದೊಡ್ಡ ತಂಡಗಳು ಹೊಸ ಹುಡುಗರನ್ನು ಆರಿಸುವ ದಿನ, ಯಾವ ತಂಡವೂ ಕರೆಯಲಿಲ್ಲ. ಅವರಮ್ಮ ಮೀನು ಕರಿದು ನೆಂಟರನ್ನೆಲ್ಲ ಟಿವಿ ಮುಂದೆ ಕೂರಿಸಿದ್ದರಂತೆ. ಹೆಸರು ಬರಲಿಲ್ಲ, ಮೀನು ತಣ್ಣಗಾಯಿತು. ಆಮೇಲೆ ಹೇಗೋ ಸೇರಿಕೊಂಡ ಎರಡು ತಂಡಗಳಿಂದಲೂ ಹೊರಬಿದ್ದು, ಇಲ್ಲಿ ಬೇರೊಬ್ಬನ ಮಂಡಿಗೆ ಪೆಟ್ಟಾದಾಗ ಮೈದಾನಕ್ಕಿಳಿದ. ಎದುರಿನವರು ನೆಲಕ್ಕೂರಿದ ಬೆರಳ ಮೇಲೆ ಎಷ್ಟು ಭಾರ ಹಾಕಿದ್ದಾರೆಂದು ನೋಡಿಯೇ, ಚೆಂಡು ಹೊತ್ತು ಓಡುತ್ತಾರೋ ಎಸೆಯುತ್ತಾರೋ ಹೇಳಿಬಿಡುತ್ತಿದ್ದ.

ಆ ವಿದ್ಯೆಯನ್ನೆಲ್ಲ ಈ ವರ್ಷ ನನ್ನ ಊಟದ ಮೇಜಿನ ಮೇಲೆ ಕೀಶಾನ್‌ಗೆ ಧಾರೆಯೆರೆದ. ಕೀಶಾನ್ ಹೊಸಬ, ಆರ್ಲಿಸ್‌ನ ಜಾಗಕ್ಕೇ ಕಣ್ಣಿಟ್ಟು ಬಂದವನು. ಮಗುವಿನ ಗೊಂಬೆಗಳನ್ನು ಆಟಗಾರರಂತೆ ಜೋಡಿಸಿಕೊಂಡು ಇಬ್ಬರೂ ಕೂರುತ್ತಿದ್ದರು.

“ಅತ್ತಿಗೆ, ಇನ್ನೊಂದ್ ತುಂಡು ಬ್ರೆಡ್ ಇದ್ಯಾ?”

“ನನ್ ಗಂಡನ ಜಾಗ ತಿಂತಿರೋದು ಸಾಲ್ದೇನೋ ನಿಂಗೆ?”

ಇಬ್ಬರೂ ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ. ಮಗಳು ಹಾಲು ಚೆಲ್ಲಿದರೆ ಸಿಡುಕುವ ಆರ್ಲಿಸ್, ಕೀಶಾನ್ ಅದೇ ತಪ್ಪು ಮತ್ತೆ ಮಾಡಿದರೂ “ಪರ್ವಾಗಿಲ್ಲ, ಇನ್ನೊಂದ್ ಸಲ ನೋಡು” ಎನ್ನುತ್ತಿದ್ದ. ನನ್ನ ಹೊಟ್ಟೆ ಉರಿಯುತ್ತಿತ್ತು.

ಬುಧವಾರ ಕೋಚ್ ಆರ್ಲಿಸ್‌ನನ್ನೇ ಕೇಳಿದರಂತೆ: ಚುಕ್ಕೆ ಆ ಹುಡುಗನಿಗೆ ಕೊಟ್ಟರೆ ನಿಭಾಯಿಸುತ್ತಾನಾ?

“ಇನ್ನೊಂದ್ ವರ್ಷ ಹೋಗ್ಲಿ ಅನ್ನು. ಅಷ್ಟೇ ಸಾಕು ಕಣೋ,” ಎಂದೆ.

“ಅವ್ನು ರೆಡಿ ಇದಾನೆ ಕಣೆ.”

“ನಿನ್ನ ಯಾರಾದ್ರೂ ಹಿಂಗ್ ಕೂರಿಸ್ಕೊಂಡು ಕಲಿಸಿದ್ರಾ?”

“ಇಲ್ಲ. ಅದಕ್ಕೇ ಎರಡ್ ಕಡೆ ಒದೆಸ್ಕೊಂಡೆ. ಈ ಸವೆದ ಮಂಡಿ ನಂದು. ಎಷ್ಟು ದಿನ ಓಡುತ್ತೆ ಅಂತ ನಂಗೊತ್ತು.”

ಮರುದಿನ ಹೋಗಿ ಕೋಚ್‌ಗೆ ನಿಜವನ್ನೇ ಹೇಳಿ ಬಂದ. ಚುಕ್ಕೆ ಕೀಶಾನ್‌ನ ಹೆಲ್ಮೆಟ್ಟಿಗೆ ಹೋಯಿತು.

ಭಾನುವಾರ ಎದುರು ತಂಡದ ಕೈಗೆ ಚೆಂಡು ಸಿಕ್ಕಾಗ ಸುತ್ತ ಕೂತ ನಮ್ಮ ಜನ, ಅವರ ಮಾತು ಅವರಿಗೇ ಕೇಳದಿರಲೆಂದು, ಎಂದಿನಂತೆ ಕಿವಿ ಕಿತ್ತುಹೋಗುವಂತೆ ಕಿರುಚಿದರು. ಕೀಶಾನ್‌ನ ಕೂಗು ಅದರಲ್ಲಿ ಮುಳುಗಿತು. ಇವತ್ತು ಕೆಟ್ಟ ಎಂದುಕೊಂಡೆ, ಸಂತೋಷವೂ ಆಯಿತು. ಅವನು ಕೂಗುವುದು ಬಿಟ್ಟು ಕೈಸನ್ನೆಯಿಂದಲೇ ಎಲ್ಲರನ್ನೂ ಸರಿಯಾಗಿ ನಿಲ್ಲಿಸಿದ. ಆ ಸನ್ನೆಗಳೂ ನನ್ನ ಮೇಜಿನ ಮೇಲೆ ಕಲಿತವೇ. ಎದುರಿನವರು ಅಂಗುಲ ಮುಂದೆ ಸರಿಯಲಿಲ್ಲ.

“ಹುಟ್ಟಾ ನಾಯಕ ಕಣೇ ಅವ್ನು!” ಎಂದಳು ಪಕ್ಕದಲ್ಲಿದ್ದ ಇನ್ನೊಬ್ಬ ಆಟಗಾರನ ಹೆಂಡತಿ.

“ಹುಟ್ಟಾ ಏನಲ್ಲ, ನಮ್ಮನೇಲಿ ತಯಾರಾದೋನು.”

ಅಂಚಿನ ಜಾಗದಲ್ಲಿ ಸ್ವಲ್ಪ ಹೊತ್ತು ಆಡಿದ ಆರ್ಲಿಸ್, ಬೆಂಚಿನಿಂದೆದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದ. ನನ್ನ ಕೈ ಮೇಲೇಳಲಿಲ್ಲ.

ಪ್ರತಿ ಭಾನುವಾರ ಕೂಗಿ ಕೂಗಿ ಗಂಟಲು ಕಟ್ಟಿಕೊಂಡು ಬರುವವನು ಅವನು. ಮನೆಗೆ ಬಂದ ಕೂಡಲೇ ಅಭ್ಯಾಸಬಲದಿಂದ, ಜೇನು ಬೆರೆಸಿ ಕೊಡಲೆಂದು ನೀರು ಕಾಯಲಿಟ್ಟೆ. ಒಳಗಿನಿಂದ ಹಾಡು ಕೇಳಿಸಿತು. ಮಗಳನ್ನು ಎದೆಗಾನಿಸಿಕೊಂಡು, ತುಂಬು ಗಂಟಲಲ್ಲಿ ಹಾಡುತ್ತಿದ್ದ. ಅವಳು ಬೆರಗಾಗಿ ಅವನ ಬಾಯನ್ನೇ ನೋಡುತ್ತಿದ್ದಳು. ನಾನು ಒಲೆ ಆರಿಸಿದೆ.